ಚಾಂದಿ ಬಣ್ಣ ಮತ್ತು ಒಂದು ಕ್ರಿಯಾಪದ

ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೋಗುವ ರಸ್ತೆಯ ಬದಿಯಲ್ಲಿ ಒಂದು ಥಿನ್ನರ್ ಶೆಡ್ಡಿತ್ತು. ಅದಕ್ಕೆ ಬೆಂಕಿ ಹತ್ತಿದ್ದು ಹೇಗೆ ಎಂದು ಇವತ್ತಿಗೂ ಯಾರನ್ನಾದರೂ ಕೇಳಿ, ಒಂದೇ ಮಾತು: ಬೀಡಿ. ಡಬ್ಬಿ ತುಂಬುತ್ತಿದ್ದವನು ಬೀಡಿ ಸೇದುತ್ತಿದ್ದ, ಕಿಡಿ ಬಿತ್ತು, ಸತ್ತ. ಪೇಪರಿನಲ್ಲೂ ಹಾಗೇ ಬಂತು. ಚಹಾದಂಗಡಿಗಳಲ್ಲಿ ಇದಕ್ಕೆ ಇನ್ನೊಂದು ಸಾಲು ಸೇರಿಕೊಂಡಿದೆ: "ಹೆಂಡತಿ ಕಟ್ಟಿದ ಬೀಡಿನ ಗಂಡನ್ನ ಸುಟ್ಟಿತು ನೋಡು." ಸತ್ತವನ ಹೆಂಡತಿ ನಿಪ್ಪಾಣಿಯಲ್ಲಿ ಮನೆಯಲ್ಲಿ ಕೂತು ಬೀಡಿ ಕಟ್ಟುವವಳು. ಹಾಗಾಗಿ ಕಥೆಗೆ ಒಂದು ಆಕಾರ ಬಂದಿದೆ, ಹೇಳುವವರ ಬಾಯಿಗೆ ರುಚಿ ಹತ್ತಿದೆ.

ನನ್ನ ತಕರಾರು ಸಣ್ಣದು. ಆ ಬೀಡಿಯನ್ನು ಕಂಡವರು ಯಾರು? ಕೇಳುತ್ತ ಹೋದರೆ ಪ್ರತಿಯೊಬ್ಬರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಕಾಲೇಜಿನಲ್ಲಿ ನನ್ನನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡಿದ ಮಾಸ್ತರು ಹೇಳುತ್ತಿದ್ದರು: ಎದುರಿನವರ ಕಥೆ ಚಂದ ಅನ್ನಿಸಿದ ಕೂಡಲೇ ಸಾಕ್ಷಿ ಕೇಳು, ನಿನ್ನ ಕಥೆ ಚಂದ ಅನ್ನಿಸಿದರೆ ಎರಡು ಸಲ ಕೇಳು. ಮೊದಲನೆಯದನ್ನು ಮಾಡುವುದು ನನಗೆ ಯಾವತ್ತೂ ಕಷ್ಟವಾಗಿಲ್ಲ. ಈ ಬೆಂಕಿಯ ವಿಷಯದಲ್ಲಿ ನನ್ನನ್ನು ಸೋಲಿಸಿದ್ದು ಎರಡನೆಯದು.

ಆಗ ನಾನು ಚಿಕ್ಕೋಡಿಯ ಒಬ್ಬ ವಿದ್ಯುತ್ ಗುತ್ತಿಗೆದಾರರ ಹತ್ತಿರ ಕೆಲಸಕ್ಕಿದ್ದೆ. ಸಕ್ಕರೆ ಕಾರ್ಖಾನೆ, ಶಾಲೆ, ಆಸ್ಪತ್ರೆಗಳಿಗೆ ಹೋಗಿ ಅರ್ಥಿಂಗ್ ಅಳೆದು ವರದಿ ಕೊಡುವುದು ನಮ್ಮ ಕಸುಬು. ಬೆಂಕಿಯಾದ ವಾರದೊಳಗೆ ಶೆಡ್ಡಿನ ಮ್ಯಾನೇಜರ್ ಫೋನ್ ಮಾಡಿ, ವಾಯರಿಂಗ್ ನೋಡಿ ಒಂದು ಮಾತು ಬರೆದುಕೊಡಿ ಎಂದರು. ಗುತ್ತಿಗೆದಾರರನ್ನು ಎಲ್ಲರೂ ಸಾವಕಾರ್ರು ಅನ್ನುತ್ತಿದ್ದರು. ಅವರು ನನ್ನ ಕೈಗೆ ಮೀಟರ್ ಪೆಟ್ಟಿಗೆ ಕೊಟ್ಟರು.

"ಹೋಗಿ ನೋಡಿ ಬಾ ತಂಗಿ. ವಾಯರಿಂಗ್ ಅಷ್ಟ ನೋಡು. ಅಲ್ಲಿ ಭಾಷಣಾ ಮಾಡಬ್ಯಾಡ."

ಶೆಡ್ಡಿನ ಗೇಟಿನ ಹತ್ತಿರ ಬೇವಿನ ಮರದ ಕೆಳಗೆ ಒಬ್ಬ ಹೆಂಗಸು ಕೂತಿದ್ದಳು. ಗಂಡನ ಸೈಕಲ್ಲು, ಬುತ್ತಿ ಡಬ್ಬಿ ಒಳಗೇ ಉಳಿದಿದ್ದವಂತೆ, ಒಯ್ಯಲು ಬಂದಿದ್ದಳು. ನನ್ನ ಹೆಗಲ ಮೇಲಿನ ಪೆಟ್ಟಿಗೆ ನೋಡಿ ಎದ್ದು ನಿಂತಳು.

"ಅಕ್ಕಾರ, ಬೆಂಕಿ ಹೆಂಗ ಹತ್ತಿತು ಅಂತ ನೋಡಾಕ ಬಂದವರು ನೀವೇನ್ರಿ?"

ಹೌದು ಅಂದೆ.

"ಬೀಡಿ ಕಾರಖಾನಿಯವರು ಎಣಿಸುವಾಗ ಸೊಟ್ಟ ಬೀಡಿ ತಗದು ಒಗೀತಾರ್ರಿ. ಅವನ್ನ ಆರಿಸಿ ನಾನ ನಮ್ಮ ಮನಿಯವರ ಕಿಸೆದಾಗ ಹಾಕತಿದ್ದೆ. ನಾ ಕಟ್ಟಿದ ಬೀಡಿನ ಹೌದೋ ಅಲ್ಲೋ, ಅಷ್ಟ ಹೇಳ್ರಿ ನನಗ. ಬ್ಯಾರೆ ಏನೂ ಕೇಳಂಗಿಲ್ಲ. ಅವತ್ತಿಂದ ಎಲಿ ಮುಟ್ಟಿಲ್ಲರಿ ನಾ. ಕೈಯ ಬರವಲ್ದು."

ನೋಡಿ ಹೇಳುತ್ತೇನೆ ಅಂದೆ. ಹಗುರಾಗಿ ಅಂದುಬಿಟ್ಟೆ.

ಶೆಡ್ಡಿನ ಕೆಲಸ ಇಷ್ಟೇ. ದೊಡ್ಡ ಡ್ರಮ್ಮುಗಳಲ್ಲಿ ಥಿನ್ನರ್ ಬರುತ್ತದೆ. ಎಣ್ಣೆಬಣ್ಣ ತೆಳ್ಳಗೆ ಮಾಡುವ ದ್ರಾವಣ ಅದು, ಪೆಟ್ರೋಲಿನ ಹಾಗೆ ಬೆಂಕಿಗೆ ಹಸಿದಿರುತ್ತದೆ. ಡ್ರಮ್ಮನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಅಡ್ಡ ಮಲಗಿಸಿ, ನಲ್ಲಿ ಹಚ್ಚಿ, ಕೆಳಗೆ ತಗಡಿನ ಡಬ್ಬಿ ಇಟ್ಟು ತುಂಬುವುದು. ಅಂಥ ಸ್ಟ್ಯಾಂಡುಗಳು ಎರಡಿದ್ದವು. ಗೇಟಿನ ಕಡೆಯದು ಸುಟ್ಟು ಸೊಟ್ಟಗಾಗಿತ್ತು. ಒಳಗಿನದಕ್ಕೆ ಏನೂ ಆಗಿರಲಿಲ್ಲ.

ಮ್ಯಾನೇಜರ್ ಕೊಲ್ಲಾಪುರದ ಕಡೆಯವರು. ಕನ್ನಡ ಚೆನ್ನಾಗಿಯೇ ಆಡುತ್ತಿದ್ದರು, ಅವಸರವಾದಾಗ ಮಾತ್ರ ನಡುವೆ ಮರಾಠಿ ನುಗ್ಗುತ್ತಿತ್ತು. ನಾನು ಬೋರ್ಡು ಬಿಚ್ಚುವ ಮೊದಲೇ ಅಂದರು, "ಮ್ಯಾಡಮ್, ಅವತ್ತ ಲೋಡ್ ಶೆಡ್ಡಿಂಗ್ ಇತ್ತು. ಲೈಟ್ ನವ್ಹತೀಚ್. ಕರೆಂಟ ಇಲ್ಲ ಅಂದ ಮ್ಯಾಲ ಶಾರ್ಟ್ ಸರ್ಕೀಟ್ ಎಲ್ಲಿಂದ? ಬೀಡಿನ ಅದು."

"ಕರೆಂಟ್ ಇಲ್ಲ, ಅದಕ್ಕ ಬೀಡಿ. ಎರಡ ದಾರಿ ಅದಾವು ಅಂತ ನಿಮಗ ಯಾರು ಹೇಳಿದ್ರು?"

"ಮೂರನೇದು ಯಾವುದು, ದೇವರ ಶಾಪ?" ಎಂದು ನಕ್ಕರು.

ಸತ್ತವನ ಜೊತೆ ಕೆಲಸಕ್ಕಿದ್ದವರು ಅಂಕಲಿಯ ಒಬ್ಬ ಹಿರಿಯರು. ಎಲ್ಲರೂ ಕಾಕಾ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಬೆಂಕಿ ನಂದಿಸಲು ಹೋಗಿ ಅವರ ಒಂದು ಮುಂಗೈ ಸುಟ್ಟಿತ್ತು. ಎಲ್ಲಿದ್ರಿ ಅವತ್ತು ಎಂದು ಕೇಳಿದೆ.

"ಹೊರಗ ಖಾಲಿ ಡಬ್ಬಿ ತರಾಕತ್ತಿದ್ನ್ರಿ. ಭಪ್ ಅಂತ ಸಪ್ಪಳ ಆತು. ತಿರುಗಿ ನೋಡೂದ್ರಾಗ ಅಂವಾ ಉರಿಯಾಕತ್ತಿದ್ದ."

"ಮತ್ತ ಬೀಡಿ?"

"ಹೂಂನ್ರಿ. ಸೇದತಿದ್ದ."

ನಾನು ತಲೆಯಾಡಿಸಿದೆ. ಮ್ಯಾನೇಜರ್ "ಝಾಲಂ?", ಮುಗೀತಲ್ಲ, ಎಂಬಂತೆ ನನ್ನ ಮುಖ ನೋಡಿದರು.

ವಾಯರಿಂಗಿನಲ್ಲಿ ದೋಷ ಇರಲಿಲ್ಲ. ಅಷ್ಟು ಬರೆದು ಮಧ್ಯಾಹ್ನದ ಬಸ್ಸು ಹಿಡಿಯಬಹುದಿತ್ತು. ಆದರೆ ಕರೆಂಟು ಹೋದಾಗಲೂ ನಡೆಯುವ ವಿದ್ಯುತ್ತು ಒಂದಿದೆ. ಅದಕ್ಕೆ ಕಂಬವೂ ಬೇಡ, ತಂತಿಯೂ ಬೇಡ. ಥಿನ್ನರ್ ನಲ್ಲಿಯಿಂದ ಹರಿಯುವಾಗ ವಿದ್ಯುದಂಶ ಹೊತ್ತು ಬರುತ್ತದೆ. ಚಳಿಗಾಲದಲ್ಲಿ ಸ್ವೆಟರ್ ಕಳಚುವಾಗ ಚಟಪಟ ಅನ್ನುತ್ತದಲ್ಲ, ಅದೇ ಜಾತಿ. ಬೆಂಕಿಯಾದದ್ದೂ ತುಟಿ ಒಡೆಯುವ ಒಣ ಚಳಿಯ ದಿನದಲ್ಲೇ. ಡಬ್ಬಿ ಜಾರಬಾರದು ಎಂದು ಅದರ ಕೆಳಗೆ ರಬ್ಬರ್ ಹಾಸು ಹಾಕಿದ್ದರು. ಹಾಗಾಗಿ ಡಬ್ಬಿಗೆ ಬಂದ ಅಂಶಕ್ಕೆ ಹೋಗಲು ಎಡೆಯಿಲ್ಲ.

ಇದು ಗೊತ್ತಿದ್ದೇ ಯಾರೋ ಒಂದು ವ್ಯವಸ್ಥೆ ಮಾಡಿದ್ದರು. ಡ್ರಮ್ಮು, ನಲ್ಲಿ, ಸ್ಟ್ಯಾಂಡು ಮೂರನ್ನೂ ತಾಮ್ರದ ಪಟ್ಟಿಯಿಂದ ಭೂಮಿಗೆ ಕೂಡಿಸಿದ್ದರು. ಡಬ್ಬಿಗಾಗಿ ಎರಡೂ ತುದಿಗೆ ಕ್ಲಿಪ್ ಇದ್ದ ಒಂದು ತಂತಿ: ಒಂದು ಕ್ಲಿಪ್ ಸ್ಟ್ಯಾಂಡಿಗೆ ಬೆಸೆದ ಕಬ್ಬಿಣದ ಪಟ್ಟಿಗೆ, ಇನ್ನೊಂದು ಡಬ್ಬಿಯ ಬಾಯಿಗೆ. ಕೂಡಿಸಿದ ಎರಡು ವಾಹಕಗಳ ಮೇಲೆ ವಿದ್ಯುದಂಶ ಸಮಪಾಲಾಗಿ ಹಂಚಿಕೆಯಾಗುವುದಿಲ್ಲ. ದೊಡ್ಡದಕ್ಕೆ ಹೆಚ್ಚು, ಸಣ್ಣದಕ್ಕೆ ಕಡಿಮೆ. ಸಮನಾಗುವುದು ಮಟ್ಟ. ಬಾವಿಯನ್ನೂ ಪಕ್ಕದ ಹೊಂಡವನ್ನೂ ನಳಿಗೆಯಿಂದ ಕೂಡಿಸಿದರೆ ನೀರು ಸಮಪಾಲಾಗುತ್ತದೆಯೇ? ಇಲ್ಲ, ಮಟ್ಟ ಒಂದೇ ಆಗುತ್ತದೆ. ಮಟ್ಟ ಒಂದಾದ ಮೇಲೆ ನಲ್ಲಿಗೂ ಡಬ್ಬಿಗೂ ನಡುವೆ ಕಿಡಿ ಹಾರಲು ಕಾರಣವೇ ಇರುವುದಿಲ್ಲ. ಕೂಡಿರದಿದ್ದರೆ ಮಟ್ಟದ ವ್ಯತ್ಯಾಸ ಏರುತ್ತಲೇ ಹೋಗುತ್ತದೆ, ಮತ್ತು ವಿದ್ಯುತ್ ಕ್ಷೇತ್ರ, ಅಂದರೆ ಕಿಡಿ ಹಾರಿಸುವ ಸೆಳೆತ, ಎಲ್ಲಕ್ಕಿಂತ ತೀವ್ರವಾಗುವುದು ಚೂಪಾದ ಕಡೆಯಲ್ಲಿ. ಡಬ್ಬಿಯ ಬಾಯಿಯ ಅಂಚು ಚೂಪು, ನಲ್ಲಿಯ ತುದಿ ಚೂಪು. ಅವೆರಡೂ ಎದುರುಬದುರಾಗುವುದು ಆವಿ ತುಂಬಿಕೊಂಡ ಜಾಗದಲ್ಲೇ.

ಸುಟ್ಟ ಸ್ಟ್ಯಾಂಡಿನ ಹತ್ತಿರ ಕ್ಲಿಪ್ ಇನ್ನೂ ಪಟ್ಟಿಯನ್ನು ಕಚ್ಚಿಕೊಂಡೇ ಇತ್ತು. "ನೋಡ್ರಿ, ಅರ್ಥ್ ಐತಿ," ಎಂದರು ಮ್ಯಾನೇಜರ್. "ಅರ್ಥ್ ಐತಿ, ಅರ್ಥ ಇಲ್ಲ," ಎಂದೆ ನಾನು. ಚರ್ಚಾಸ್ಪರ್ಧೆಯಲ್ಲಾದರೆ ಚಪ್ಪಾಳೆ ಬೀಳುತ್ತಿತ್ತು. ಅಲ್ಲಿ ಯಾರೂ ನಗಲಿಲ್ಲ. ಸುಟ್ಟ ಕಬ್ಬಿಣದ ಮೇಲೆ ಬೆಂಕಿಗಿಂತ ಮೊದಲು ಏನಿತ್ತು ಎಂದು ಯಾವ ಮೀಟರೂ ಹೇಳುವುದಿಲ್ಲ. ನಾನು ಒಳಗಿನ ಸ್ಟ್ಯಾಂಡಿಗೆ ಹೋದೆ.

ಅದು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಕಾಲು, ಅಡ್ಡಪಟ್ಟಿ, ಕ್ಲಿಪ್ ಕಚ್ಚುವ ಪಟ್ಟಿ, ಎಲ್ಲಕ್ಕೂ ದಪ್ಪಗೆ ಚಾಂದಿ ಬಣ್ಣ. ಕುಂಕುಮ, ವಿಭೂತಿಯ ಗುರುತು ಇನ್ನೂ ಉಳಿದಿತ್ತು.

"ಖಂಡೇನವಮಿ ಆಯುಧಪೂಜಿಗೆ ಹಚ್ಚಿದ್ದ್ರಿ," ಎಂದರು ಕಾಕಾ. "ಎರಡಕ್ಕೂ ಅಂವನ ಹಚ್ಚಿದ್ದ. ಕ್ಲಿಪ್ ಬಿಚ್ಚಿ, ಮರಳಕಾಗದದಿಂದ ತಿಕ್ಕಿ, ಎರಡು ಕೈ ಹಚ್ಚಿದ. ನಾ ಅಂದೆ, ಲೇ, ಇದೇನು ನಿನ್ನ ಲಗ್ನದ ಮಂಚ ಐತೇನಲೇ? ಪೂಜಿಗೆ ಅಂದ ಮ್ಯಾಲ ಛಲೋನ ಆಗಬೇಕ್ ಕಾಕಾ ಅಂದ."

ಮೀಟರಿನ ಒಂದು ಕಡ್ಡಿಯನ್ನು ಕ್ಲಿಪ್ಪಿಗೆ, ಇನ್ನೊಂದನ್ನು ತಾಮ್ರದ ಪಟ್ಟಿಗೆ ಮುಟ್ಟಿಸಿದೆ. ಬೀಪ್ ಬರಲಿಲ್ಲ. ಅಷ್ಟರಿಂದ ಏನೂ ಸಾಬೀತಾಗುವುದಿಲ್ಲ. ಇಂಥ ವಿದ್ಯುದಂಶ ಹರಿದುಹೋಗಲು ಬಹಳ ಕೆಟ್ಟ ಸಂಪರ್ಕವೂ ಸಾಕು. ಮೀಟರಿನ ಎಲ್ಲಕ್ಕಿಂತ ದೊಡ್ಡ ವ್ಯಾಪ್ತಿಗೆ ತಿರುಗಿಸಿದೆ. ಆಗಲೂ ಅಂಕಿ ಬರಲಿಲ್ಲ. ಸವೆದ ಹಲ್ಲಿನ ಆ ಕ್ಲಿಪ್ ಬಣ್ಣವನ್ನು ಕಚ್ಚಿತ್ತು, ಕಬ್ಬಿಣವನ್ನು ಮುಟ್ಟಿರಲಿಲ್ಲ.

"ಅರೆ, ಚಾಂದಿ ಬಣ್ಣ ಮ್ಯಾಡಮ್. ಅದೂ ಲೋಹನ ಅಲ್ಲೇನು?" ಎಂದರು ಮ್ಯಾನೇಜರ್. ಕಾಕಾನೂ ಹೌದೆಂದು ತಲೆಯಾಡಿಸಿದರು. ಅವರನ್ನು ನಾನು ದೂರಲಾರೆ. ಬೇರೆ ಯಾವುದೇ ಬಣ್ಣವಾಗಿದ್ದರೆ ಯಾರಿಗಾದರೂ ಅನುಮಾನ ಬಂದು ಕೆರೆಯುತ್ತಿದ್ದರೋ ಏನೋ. ಚಾಂದಿ ಬಣ್ಣ ಲೋಹದ ವೇಷ ಹಾಕಿಕೊಂಡಿರುತ್ತದೆ. ಅದರಲ್ಲಿ ಲೋಹದ ಪುಡಿ ಇರುವುದು ನಿಜ, ಆದರೆ ಒಂದೊಂದು ಕಣವೂ ಅಂಟಿನಲ್ಲಿ ಮುಳುಗಿ ಒಂದನ್ನೊಂದು ಮುಟ್ಟದೆ ಕೂತಿರುತ್ತದೆ.

ಮೀಟರಿನ ಮಾತು ಮ್ಯಾನೇಜರ್ ಒಪ್ಪಲಿಲ್ಲ. ಕಣ್ಣಿಗೆ ಕಾಣುವಂತೆ ತೋರಿಸುತ್ತೇನೆ ಎಂದೆ. ಮರುದಿನ ಡ್ರಮ್ಮುಗಳನ್ನೆಲ್ಲ ಹೊರಗೆ ಸಾಗಿಸಿ, ಎರಡೂ ಬಾಗಿಲು ತೆರೆದು ಗಾಳಿಯಾಡಿಸಿ, ಒಳಗಿನ ಸ್ಟ್ಯಾಂಡಿನ ರಬ್ಬರ್ ಹಾಸಿನ ಮೇಲೆ ಹೊಸ ಡಬ್ಬಿಯೊಂದನ್ನು ಇಟ್ಟು, ದಿನದ ಹಾಗೆ ಕ್ಲಿಪ್ ಹಾಕಿದೆ. ಡಬ್ಬಿಗೆ ಚಾಕಲೇಟಿನ ಬೆಳ್ಳಿಹಾಳೆಯ ಎಳೆಯೊಂದನ್ನು ಅಂಟಿಸಿದೆ. ಪ್ಲಾಸ್ಟಿಕ್ ಪೈಪನ್ನು ಉಣ್ಣೆಯ ಬಟ್ಟೆಯಿಂದ ತಿಕ್ಕಿ ಡಬ್ಬಿಗೆ ಸವರಿದರೆ, ಡಬ್ಬಿಯಲ್ಲಿ ಅಂಶ ಉಳಿದಷ್ಟು ಹೊತ್ತು ಹಾಳೆ ಎದ್ದು ನಿಲ್ಲಬೇಕು.

ಹಾಳೆ ಮಿಸುಕಲಿಲ್ಲ. ಮತ್ತೆ ತಿಕ್ಕಿದೆ. ಸತ್ತ ಹಲ್ಲಿಯ ಬಾಲದ ಹಾಗೆ ಜೋತೇ ಇತ್ತು.

"ನಿಮ್ಮ ಹಾಳಿನ ಹೇಳಾಕತ್ತೈತಲ್ರಿ," ಎಂದರು ಮ್ಯಾನೇಜರ್, "ಎಲ್ಲಾ ಸರಿ ಕೂಡೇತಿ ಅಂತ."

ಎದುರಿನವರ ಮಾತಿನಲ್ಲಿ ತೂತು ಹುಡುಕುವುದು ಗೊತ್ತಿದ್ದ ನನಗೆ ನನ್ನ ಪ್ರಯೋಗದ ತೂತು ಕಾಣುತ್ತಿರಲಿಲ್ಲ. ಫೋನಿನಲ್ಲಿ ಸಾವಕಾರ್ರು, "ನೀ ವಾದಾ ಮಾಡಾಕ ಹೋಗೀಯೋ ಮೀಟರ್ ಹಿಡಿಯಾಕ ಹೋಗೀಯೋ? ವಾಯರಿಂಗ್ ಸರಿ ಐತಿ ಅಂತ ಬರದು ಬಾ," ಎಂದರು. ಬರೆಯೋಣ ಎಂದು ಕೂತೆ. ಕಾಲಿಗೆ ತಂಪು ಹತ್ತಿತು. ನೋಡಿದರೆ ನೆಲ ಒದ್ದೆ. ನಾನು ಬರುತ್ತೇನೆಂದು ಕಾಕಾ ಬೆಳಿಗ್ಗೆಯೇ ಮಸಿ ತೊಳೆದು, ಶೆಡ್ಡಿಗೆಲ್ಲ ನೀರು ಹೊಡೆದಿದ್ದರು. ಗಾಳಿಯಲ್ಲಿ, ರಬ್ಬರಿನ ಮೇಲೆ, ಎಲ್ಲೆಲ್ಲೂ ತೇವ. ಆ ತೇವದಲ್ಲಿ ಅಂಶ ಎಲ್ಲಿ ನಿಲ್ಲುತ್ತದೆ? ಅವತ್ತು ಯಾರಾದರೂ ಹೀಗೆ ನೆಲ ತೊಳೆದಿದ್ದರೆ ಅವನು ಬದುಕುತ್ತಿದ್ದನೋ ಏನೋ.

ವರದಿ ಪಕ್ಕಕ್ಕಿಟ್ಟೆ. ಮಧ್ಯಾಹ್ನದವರೆಗೆ ಇರುತ್ತೇನೆ ಎಂದೆ. ಬಿಸಿಲೇರಿ ನೆಲ ಒಣಗಿತು. ಹಾಸನ್ನು ಬಿಸಿಲಿಗೆ ಹಾಕಿ ಒರೆಸಿ ತಂದೆ. ಸ್ಟ್ಯಾಂಡಿನ ಪಟ್ಟಿಗೆ ಒಂದು ಕ್ಲಿಪ್, ಡಬ್ಬಿಯ ಬಾಯಿಗೆ ಒಂದು, ಅವರು ದಿನಾ ಹಾಕುತ್ತಿದ್ದ ಹಾಗೆಯೇ. ಪೈಪು ತಿಕ್ಕಿ ಸವರಿದೆ. ಹಾಳೆ ಎದ್ದು ನಿಂತಿತು. ಭೂಮಿಗೆ ಕೂಡಿದೆ ಎಂದು ಎಲ್ಲರೂ ನಂಬಿದ್ದ ಡಬ್ಬಿಯ ಮೇಲೆ ಕೈ ಚಾಚಿದಂತೆ ನಿಂತೇ ಇತ್ತು.

ಕಾಕಾನ ಕೈಗೆ ಚಾಕು ಕೊಟ್ಟು ಪಟ್ಟಿಯ ಬಣ್ಣ ಕೆರೆಯಲು ಹೇಳಿದೆ. ಕಪ್ಪು ಕಬ್ಬಿಣ ಕಂಡಿತು. ಅಲ್ಲಿಗೆ ಕ್ಲಿಪ್ ಕಚ್ಚಿಸಿದ ಕ್ಷಣ ಹಾಳೆ ಪಟ್ಟನೆ ಬಿತ್ತು.

ಕಾಕಾ ಚಾಕುವಿಗೆ ಅಂಟಿದ ಚಾಂದಿ ಸಿಪ್ಪೆಯನ್ನು ಹೆಬ್ಬೆರಳಿನಿಂದ ಒರೆಸುತ್ತ ನಿಂತಿದ್ದರು.

ಮ್ಯಾನೇಜರ್ ಸುಧಾರಿಸಿಕೊಂಡು ಕೇಳಿದ್ದು ಸರಿಯಾದ ಪ್ರಶ್ನೆ. ಅವರಿಂದ ನಾನು ಅದನ್ನು ನಿರೀಕ್ಷಿಸಿರಲಿಲ್ಲ. "ಮ್ಯಾಡಮ್, ಇದು ಈ ಸ್ಟ್ಯಾಂಡ್. ಹೊತ್ತಿದ್ದು ಆ ಸ್ಟ್ಯಾಂಡ್. ಹಿಂಗ ಆಗಬಹುದು ಅಂತ ತೋರಿಸಿದ್ರಿ. ಹಿಂಗ ಆತು ಅಂತ ಎಲ್ಲಿ ತೋರಿಸಿದ್ರಿ?"

ನಿನ್ನ ಕಥೆ ಚಂದ ಅನ್ನಿಸಿದರೆ ಎರಡು ಸಲ ಸಾಕ್ಷಿ ಕೇಳು. ಸುಟ್ಟ ಸ್ಟ್ಯಾಂಡಿನ ಪಟ್ಟಿಯಲ್ಲಿ ಒಂದು ಕಡೆ ಬಣ್ಣ ಕಿತ್ತಿರಲಿಲ್ಲ ಎಂದು ನಾನು ಹೇಳಬಲ್ಲೆನೆ? ಅಂಶ ಏರಿದಾಗ ಬಣ್ಣದ ಪದರವೇ ಮೊದಲು ತೂತಾಗಿ ಅದು ಭೂಮಿಗೆ ಇಳಿದುಹೋಗಿರಬಾರದೇಕೆ? ಹೋಗಿದ್ದರೆ ಕಿಡಿ ಅಲ್ಲೇ ಹಾರಿರಬಹುದು ಅನ್ನಿ. ಅದೂ "ಬಹುದು." ಮತ್ತು ಬೀಡಿ ಇರಲೇ ಇಲ್ಲ ಎಂದು ನನ್ನ ಬೆಳ್ಳಿಹಾಳೆ ಹೇಳಿತೇ? ಬೀಡಿಯ ವಿಷಯದಲ್ಲಿ ಅದು ಏನನ್ನೂ ಹೇಳಿರಲಿಲ್ಲ.

ವರದಿಯಲ್ಲಿ ಬರೆದೆ: ವಾಯರಿಂಗ್ ಸರಿಯಿದೆ, ಉಳಿದ ಸ್ಟ್ಯಾಂಡಿನಲ್ಲಿ ಡಬ್ಬಿಯ ಸಂಪರ್ಕ ಬಣ್ಣದಿಂದಾಗಿ ಕಡಿದಿದೆ, ಸುಟ್ಟದ್ದರಲ್ಲೂ ಹಾಗೇ ಇದ್ದಿರಬಹುದು, ಸ್ಥಿರವಿದ್ಯುತ್ತಿನ ಕಿಡಿ ಕಾರಣವಾಗಿರಬಹುದು. ಸಾವಕಾರ್ರು ಓದಿ ಕನ್ನಡಕ ತೆಗೆದರು.

"ಹೋದ ವರ್ಷ ಅಲ್ಲಿ ಅರ್ಥಿಂಗ್ ಪಾಸ್ ಮಾಡಿದವರು ನಾವ, ತಂಗಿ."

"ನಾವು ಅಳದದ್ದು ನೆಲದಾಗಿನ ಅರ್ಥಿಂಗ್ ಗುಂಡಿ, ಸಾವಕಾರ್ರ. ಡಬ್ಬಿ ಅಲ್ಲ. ಬಣ್ಣಾ ಹಚ್ಚಿದ್ದು ಆಮ್ಯಾಲ."

"ಅದು ನನಗ ಗೊತ್ತು, ನಿನಗ ಗೊತ್ತು. ಮಂದಿಗೆ ಹೆಂಗ ಹೇಳ್ತಿ?" ಕನ್ನಡಕ ಮತ್ತೆ ಹಾಕಿಕೊಂಡು ಸಹಿ ಹಾಕಿದರು. "ಎರಡು 'ಬಹುದು' ಅದಾವು ಇದರಾಗ. ಇಷ್ಟು 'ಬಹುದು' ಇಟಗೊಂಡು ಯಾರನ್ನ ಉಳಸ್ತಿ ನೀನು?"

ಯಾರನ್ನೂ ಉಳಿಸಲಿಲ್ಲ. ಮ್ಯಾನೇಜರ್ ಉಳಿದ ಸ್ಟ್ಯಾಂಡಿನ ಬಣ್ಣ ಕೆರೆಸಿದರು, ಹೊಸ ಕ್ಲಿಪ್ ತರಿಸಿದರು. ಅಷ್ಟರ ಮಟ್ಟಿಗೆ ಅವರು ನನ್ನನ್ನು ನಂಬಿದ್ದರು. ಬೀಡಿಯ ಕಥೆಯನ್ನು ಮಾತ್ರ ಹಾಗೆಯೇ ಬಿಟ್ಟರು. ಅದನ್ನು ಕೆರೆಯುವುದು ಯಾರ ಕೆಲಸವೂ ಆಗಿರಲಿಲ್ಲ.

ಬೇವಿನ ಮರದ ಕೆಳಗೆ ನಾನು ಒಂದು ಮಾತು ಕೊಟ್ಟಿದ್ದೆ. ಅವಳ ಮನೆ ಕಾಕಾನಿಗೆ ಗೊತ್ತಿತ್ತು. ಒಂದು ರಜೆಯ ದಿನ ನಿಪ್ಪಾಣಿ ಬಸ್ ಸ್ಟ್ಯಾಂಡಿನಲ್ಲಿ ಕೂಡೋಣ ಎಂದು ಹೇಳಿ, ನಾನು ನಮ್ಮೂರು ಕರೋಶಿಯಿಂದ ಬಸ್ಸು ಹತ್ತಿದೆ. ಮುಂದಿನ ಸೀಟಿನಲ್ಲಿ ಇಬ್ಬರು ಮುದುಕಿಯರು. ಒಬ್ಬಳು ಕಿಟಕಿಯ ಹೊರಗೆ ಕೈ ಮಾಡಿ, "ನಮ್ಮಪ್ಪ ಇದ ಹೊಲದಾಗ ದುಡೀತಿದ್ದ" ಎಂದಳು. ಇನ್ನೊಬ್ಬಳು, "ಈಗ ಯಾರೋ ದುಡಿಯಾಕತ್ತಾರ ನೋಡ ಅಲ್ಲಿ" ಎಂದಳು.

ನಾನು ಸೀಟಿನಲ್ಲಿ ನೆಟ್ಟಗೆ ಕೂತೆ.

ನಮ್ಮ ಕಡೆ "ದುಡೀತಿದ್ದ" ಅಂದರೆ ದಿನಾ ದುಡಿಯುತ್ತಿದ್ದ, ಅದು ಅವನ ರೂಢಿ. ಆ ಹೊತ್ತಿಗೆ ದುಡಿಯುತ್ತಲಿದ್ದ ಅನ್ನಬೇಕಾದರೆ "ದುಡಿಯಾಕತ್ತಿದ್ದ" ಅನ್ನುತ್ತೇವೆ. ಕಾಕಾ ಅವತ್ತು "ಡಬ್ಬಿ ತರಾಕತ್ತಿದ್ನ್ರಿ" ಅಂದಿದ್ದರು. "ಅಂವಾ ಉರಿಯಾಕತ್ತಿದ್ದ" ಅಂದಿದ್ದರು. ಬೀಡಿಯ ಮಾತು ಬಂದಾಗ ಅಂದದ್ದು "ಸೇದತಿದ್ದ." ಸೇದುವ ಚಟ ಇತ್ತು ಅಂತಲೋ? ಮ್ಯಾನೇಜರ್ ಬೇರೆ ಸೀಮೆಯವರು, ಅವರ ಕಿವಿಗೆ ಎರಡೂ ಒಂದೇ. ಪೇಪರಿನ ಕನ್ನಡದಲ್ಲಂತೂ ಎರಡಕ್ಕೂ ಇರುವುದು ಒಂದೇ "ಸೇದುತ್ತಿದ್ದ." ಕಾಕಾನ ಬಾಯಿಂದ ಮ್ಯಾನೇಜರಿಗೆ, ಅವರಿಂದ ಪೇಪರಿಗೆ ಬರುವಷ್ಟರಲ್ಲಿ ಒಬ್ಬ ಮನುಷ್ಯನ ರೂಢಿ ಅವನ ಕೊನೆಯ ಕ್ಷಣದ ಕೆಲಸವಾಗಿಬಿಟ್ಟಿತೇ? ಆದರೆ ಇದೂ ಚಂದದ ಕಥೆ. ನಾವೂ ಮಾತಿನ ಭರದಲ್ಲಿ ಒಮ್ಮೊಮ್ಮೆ ಎರಡನ್ನೂ ಕಲಸುತ್ತೇವೆ. ಕೇಳದೆ ಗೊತ್ತಾಗುವುದಿಲ್ಲ.

ಅವಳ ಮನೆ ಒಂದೇ ಕೋಣೆ. ಬೀಡಿ ಕಟ್ಟುವ ಮೊರ ಗೋಡೆಗೆ ತೂಗುಹಾಕಿತ್ತು, ಖಾಲಿ. ಕತ್ತರಿಗೆ ದಾರ ಸುತ್ತಿ ಮೊಳೆಗೆ ಸಿಕ್ಕಿಸಿತ್ತು. ಗಂಡನ ಸೈಕಲ್ಲು ಒಳಗೇ ನಿಂತಿತ್ತು. ಚಹಾ ಕೊಟ್ಟು, "ಹೇಳ್ರಿ ಅಕ್ಕಾರ" ಎಂದು ಎದುರು ಕೂತಳು.

ಬಣ್ಣದ ವಿಷಯ ಹೇಳಿದೆ. ಕಿಡಿ ಅಲ್ಲಿಂದ ಬಂದಿರಬಹುದು, ಬೀಡಿ ಆಗಿರದೆ ಇರಬಹುದು ಎಂದೆ. ಅವಳು ಕೇಳಿದ್ದು ನಾನು ಎಣಿಸಿದ್ದನ್ನಲ್ಲ.

"ಚಾಂದಿ ಬಣ್ಣೇನ್ರಿ? ನವಮಿ ದಿನ ಉಗುರಾಗೆಲ್ಲಾ ಚಾಂದಿ ತುಂಬಕೊಂಡ ಬಂದಿದ್ರು. ಥಿನ್ನರ್ ಹಚ್ಚಿ ತಿಕ್ಕಿದ್ರೂ ಹೋಗಲಿಲ್ಲ. ನಾ ನಕ್ಕೆ, ಚಾಂದಿ ಉಂಗುರ ಇಲ್ಲಂದ್ರೂ ಚಾಂದಿ ಉಗುರ ಅದಾವಲ್ಲ ಅಂದೆ." ತನ್ನ ಉಗುರುಗಳನ್ನು ನೋಡಿಕೊಂಡಳು. "ಹಂಗಾರ ಅವರ ಕೈಲೇ ಆತೇನ್ರಿ?"

ಅವಳ ಕೈಯಿಂದ ಬೀಡಿ ಕಸಿಯಲು ಹೋಗಿ ಅವನ ಕೈಗೆ ಬ್ರಷ್ ಕೊಟ್ಟಿದ್ದೆ. ಬಣ್ಣ ತಂದುಕೊಟ್ಟವರು, ಹಚ್ಚು ಅಂದವರು, ಪರೀಕ್ಷಿಸದವರು ಎಲ್ಲ ಬೇರೆ ಎಂದು ವಾದಿಸಬಹುದಿತ್ತು. ವಾದ ನನಗೆ ಬರುತ್ತದೆ. ಚಹಾದ ಬಟ್ಟಲು ಕೆಳಗಿಟ್ಟೆ.

"'ಇರಬಹುದು' ಬ್ಯಾಡ್ರಿ ಅಕ್ಕಾರ," ಎಂದಳು ಮೆಲ್ಲಗೆ. "ಬೀಡಿ ಹಚ್ಚಿದ್ರೋ ಇಲ್ಲೋ. ಅದನ್ನ ಹೇಳ್ರಿ."

ನಾನು ಹೇಳಲಾರದವಳಾಗಿದ್ದೆ. ಹೇಳಬಲ್ಲವರು ಅವತ್ತು ಅವನ ಜೊತೆ ಕೆಲಸಕ್ಕಿದ್ದ ಕಾಕಾ ಒಬ್ಬರೇ, ಬಾಗಿಲ ಬಳಿ ಗೋಡೆಗೆ ಒರಗಿ ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಮರುದಿನ ಬೆಳಿಗ್ಗೆ ಅವರು ಅದೇ ಶೆಡ್ಡಿಗೆ, ಅದೇ ಮ್ಯಾನೇಜರನ ಕೈಕೆಳಗೆ ಕೆಲಸಕ್ಕೆ ಹೋಗಬೇಕಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಅವರ ಕಡೆ ತಿರುಗಿದೆ. ಅವಳೂ ತಿರುಗಿದಳು.

"ಕಾಕಾ, ಅವತ್ತ ಮ್ಯಾನೇಜರ್ ಸಾಹೇಬ್ರು ಕೇಳಿದಾಗ ನೀವು 'ಸೇದತಿದ್ದ' ಅಂದ್ರೋ, 'ಸೇದಾಕತ್ತಿದ್ದ' ಅಂದ್ರೋ?"